ವಾಡಿ ಗಾರ್ಡನ್ನು ತಡೆಯಲು ಕಟ್ಟಿದ ತಂಡ

ಬಾಸ್ಕೆಟ್‌ಬಾಲ್ ಎತ್ತರದವರ ಆಟ, ವೇಗದವರ ಆಟ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ನಮ್ಮ ಸೇಡಂನಲ್ಲಿ ಮಾತ್ರ ಅದು ಸಂಜೆ ಹೊತ್ತು ಯಾರಿಗೆ ಬೇರೆ ಕೆಲಸ ಇರುವುದಿಲ್ಲವೋ ಅವರ ಆಟ. ಅಂಥ ಕಡೆ ತಂಡ ಕಟ್ಟಲು ಹೊರಟವನಿಗೆ ವಾರಕ್ಕೊಂದಾದರೂ ನಗುವಂಥ ಪ್ರಸಂಗ ಆಗದೆ ಇರುವುದಿಲ್ಲ. ಆಗುವ ಹೊತ್ತಿಗೆ ನಗು ಬರುವುದಿಲ್ಲ, ಅಷ್ಟೇ. ಮನೆಗೆ ಬಂದು ಬೂಟು ಬಿಚ್ಚುವಾಗ ಬರುತ್ತದೆ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ್. ಸಂಜೆ ಕಾಲೇಜಿನ ಹಿಂದಿರುವ ಕೋರ್ಟಿನಲ್ಲಿ ಊರಿನ ತಂಡಕ್ಕೆ ಆಟ ಕಲಿಸುತ್ತೇನೆ. ಪ್ರತಿ ಚಳಿಗಾಲ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರಿನವರು ಸೇರಿ ನಮ್ಮ ನಮ್ಮಲ್ಲೇ ಮ್ಯಾಚ್ ಇಟ್ಟುಕೊಳ್ಳುತ್ತೇವೆ. ಉಳಿದ ನಾಲ್ಕೂ ಊರಿನಲ್ಲಿ ಒಬ್ಬೊಬ್ಬ ಜಬರ್ದಸ್ತ್ ಗಾರ್ಡ್ ಇದ್ದ. ಗಾರ್ಡ್ ಅಂದರೆ ಚೆಂಡು ಬಡಿಯುತ್ತಾ ಆ ತುದಿಯಿಂದ ಈ ತುದಿಗೆ ತಂದು, ನಾಲ್ಕು ಜನರ ನಡುವೆ ನುಸುಳಿ ರಿಂಗಿಗೆ ಹಾಕುವವನು. ಎಲ್ಲರಿಗಿಂತ ಹೆಚ್ಚಿನವನು ವಾಡಿಯವನು. ರೈಲ್ವೆ ಆಫೀಸಿನಲ್ಲಿ ಕೆಲಸ, ಕುಳ್ಳ, ತೆಳ್ಳಗೆ. ಇಲ್ಲಿದ್ದಾನೆ ಅನ್ನುವಷ್ಟರಲ್ಲಿ ನಮ್ಮ ಹಿಂದೆ ಇರುತ್ತಿದ್ದ. ನಮ್ಮಲ್ಲಿ ಆಗ ಅಂಥವನು ಒಬ್ಬನೂ ಇರಲಿಲ್ಲ. ಒಂದು ವರ್ಷ ಆಡಿದ ಮ್ಯಾಚೆಲ್ಲ ಸೋತೆವು.

ಕಾಲೇಜಿನ ಪ್ರಿನ್ಸಿಪಾಲರು ಕರೆಸಿದರು.

"ಮಾಸ್ತರ್, ಈ ವರ್ಷನೂ ಎಲ್ಲಾ ಸೋತ್ರಿ ಅಂದ್ರ ಆ ಜಾಗಾದಾಗ ಗಾಡಿ ನಿಂದ್ರಸ್ತೀವಿ ನೋಡ್ರಿ. ನಿಮ್ಮ ಮಂದಿ ಹ್ಯಾಂಗೂ ನಿಂತೇ ಇರ್ತಾರ. ಅವರ ಬದಲಿ ಗಾಡಿ ನಿಲ್ಲಲಿ" ಎಂದರು.

ಸಿಟ್ಟಿನಿಂದ ಹೇಳಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಅದಕ್ಕೇ ಹೆಚ್ಚು ನಾಟಿತು. ಮನೆಗೆ ಬರುತ್ತಾ ದಾರಿಯಲ್ಲೇ ತೀರ್ಮಾನ ಮಾಡಿದೆ. ಚೆಂಡು ಹಾಕುವವರನ್ನು ನಾನು ಹುಟ್ಟಿಸಲಾರೆ. ಹಾಕುವವರನ್ನು ತಡೆಯುವವರನ್ನಾದರೂ ಹುಡುಕಬಹುದು. ಅವರ ಗಾರ್ಡು ನಿಂತರೆ ಅವರ ತಂಡವೇ ನಿಂತ ಹಾಗೆ. ಇದನ್ನು ಹೆಂಡತಿಗೆ ವಿವರವಾಗಿ ಹೇಳಿದೆ. ಆಕೆ ಹಾಲಿನ ಪಾತ್ರೆ ಮುಚ್ಚುತ್ತಾ ಎಲ್ಲ ಕೇಳಿಸಿಕೊಂಡು, "ಮೊದಲ ಈ ಬೆಕ್ಕಿನ್ನ ತಡೀರಿ" ಎಂದಳು.

ಬೇಕಾಗಿದ್ದಾರೆ

ಬಸ್ ಸ್ಟ್ಯಾಂಡಿನ ಎದುರಿನ ಚಹಾ ಹೋಟೆಲಿನಲ್ಲಿ ಒಂದು ಕಾಗದ ಅಂಟಿಸಿದೆ. "ಎದುರು ತಂಡದ ಗಾರ್ಡುಗಳನ್ನು ತಡೆಯಬಲ್ಲ ಆಟಗಾರರು ಬೇಕಾಗಿದ್ದಾರೆ. ಸಂಜೆ ಕಾಲೇಜು ಮೈದಾನಕ್ಕೆ ಬರುವುದು." ಮರುದಿನ ಹೋಟೆಲಿನವನು ಮಿರ್ಚಿ ಭಜಿಯ ಹೊಸ ರೇಟು ಬರೆದು ಅದರ ಮೇಲೆಯೇ ಅಂಟಿಸಿದ್ದ. ನನ್ನ ಕಾಗದದಲ್ಲಿ ಹೊರಗೆ ಕಾಣುತ್ತಿದ್ದದ್ದು ಮೂರೇ ಸಂಗತಿ: ಗಾರ್ಡು, ಬೇಕಾಗಿದ್ದಾರೆ, ಮೈದಾನ.

ಸಂಜೆ ಮೈದಾನಕ್ಕೆ ಹೋದರೆ ಒಂದಿಷ್ಟು ಜನ ಸಾಲಾಗಿ ನಿಂತಿದ್ದಾರೆ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಒಬ್ಬರ ಕೈಯಲ್ಲಿ ಲಾಠಿ, ಇನ್ನೊಬ್ಬರ ಕೊರಳಲ್ಲಿ ಸೀಟಿ. ನನ್ನನ್ನು ಕಂಡ ಕೂಡಲೇ ಎಲ್ಲರೂ ಸೆಲ್ಯೂಟ್ ಹೊಡೆದರು. ಇಪ್ಪತ್ತು ವರ್ಷದಿಂದ ಪಿ.ಟಿ. ಕಲಿಸುತ್ತಿದ್ದೇನೆ, ನನ್ನ ವಿದ್ಯಾರ್ಥಿಗಳು ಒಮ್ಮೆಯೂ ಅಷ್ಟು ನೆಟ್ಟಗೆ ನಿಂತಿಲ್ಲ.

"ಯಾವ ಫ್ಯಾಕ್ಟರಿ ಸಲುವಾಗಿ ತಗೋಳ್ಲಿಕತ್ತೀರಿ ಸಾಹೇಬ್ರ?" ಎಂದು ಒಬ್ಬ ಕೇಳಿದ.

ಇದು ಆಟ, ನೌಕರಿ ಅಲ್ಲ ಎಂದು ವಿವರಿಸಿದೆ. ಒಬ್ಬೊಬ್ಬರಾಗಿ ಬೇಜಾರಿನಿಂದ ಹೊರಟರು. ಭಂಕೂರಿನಿಂದ ಬಂದಿದ್ದ ಒಬ್ಬ ಹಿರಿಯ ಮಾತ್ರ ನಿಂತ. ಅಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುವ ಅಡ್ಡೆಯೊಂದನ್ನು ವರ್ಷಗಟ್ಟಲೆ ಕಾದವನಂತೆ.

"ಹಂಗಾರ ಕೆಲಸ ಏನ್ರಿ?" ಎಂದ.

"ಒಬ್ಬ ಮನುಷ್ಯ ಬರ್ತಾನ. ಅವನನ್ನ ಒಳಗ ಬಿಡಬಾರದು."

"ಅಷ್ಟೇ ಏನ್ರಿ?"

"ಅಷ್ಟೇ."

"ಪಗಾರ?"

"ಇಲ್ಲ."

ಆತ ಕೋರ್ಟನ್ನು ಒಂದು ಸುತ್ತು ಹಾಕಿ ಬಂದ. ಎರಡೂ ಕಡೆಯ ರಿಂಗನ್ನು ತಲೆಯೆತ್ತಿ ನೋಡಿದ. ಆಮೇಲೆ ಕೇಳಿದ:

"ಪಗಾರ ಇಲ್ಲಂದ್ರ ಇರ್ಲಿ ಬಿಡ್ರಿ. ಕುಂದರ್ಲಿಕ್ಕ ಖುರ್ಚಿ ಕೊಡ್ತೀರಿಲ್ಲ?"

ಮುಂದ ಖಾಲಿ ಅದ

ನನ್ನ ಮೊದಲ ನಿಜವಾದ ಆಟಗಾರ ಸಿಕ್ಕಿದ್ದು ಚಿಂಚೋಳಿಗೆ ಹೋಗುವ ಬಸ್ಸಿನಲ್ಲಿ. ಸಂತೆಯ ದಿನ, ಕಾಲಿಡಲು ಜಾಗ ಇಲ್ಲ. ಆ ಜಂಗುಳಿಯಲ್ಲಿ ಕಂಡಕ್ಟರ್ ಎರಡೂ ಕಾಲು ಅಗಲಿಸಿ, ಮೊಣಕಾಲು ಸ್ವಲ್ಪ ಬಗ್ಗಿಸಿ ನಿಂತಿದ್ದ. ಬಸ್ಸು ಗುಂಡಿಗೆ ಬಿದ್ದರೆ ನಾವೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು, ಆತ ಅಲುಗುತ್ತಿರಲಿಲ್ಲ. ಟಿಕೆಟ್ ಇಲ್ಲದೆ ಹಿಂದಕ್ಕೆ ನುಸುಳಲು ನೋಡಿದವನೊಬ್ಬ ಎಡಕ್ಕೆ ಬಂದರೆ ಆತ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಕೈ ತಾಗಿಸಲಿಲ್ಲ, ಬರೀ ಅಡ್ಡ ನಿಂತ. ನಾನು ಆಟಗಾರರಿಗೆ ತಿಂಗಳುಗಟ್ಟಲೆ ಹೇಳಿಕೊಟ್ಟರೂ ಬರದ ನಿಲುವು ಅದು.

"ಬಾಸ್ಕೆಟ್‌ಬಾಲ್ ಆಡ್ತೀರೇನ್ರಿ?" ಎಂದೆ.

"ಮೊದಲ ಟಿಕೇಟ್ ತಗೋರಿ" ಎಂದ.

ಒಪ್ಪಿಸಲು ನಾಲ್ಕೈದು ಸಲ ಅದೇ ಬಸ್ಸಿನಲ್ಲಿ ಓಡಾಡಿದೆ. ಕೊನೆಗೆ ಬಂದ. ಮೊದಲ ಮ್ಯಾಚು ಚಿಂಚೋಳಿಯಲ್ಲೇ. ಅಲ್ಲಿಯ ಗಾರ್ಡು ಮೊಬೈಲ್ ಅಂಗಡಿ ಇಟ್ಟುಕೊಂಡ ಚುರುಕಾದ ಯುವಕ. ನಮ್ಮ ಕಂಡಕ್ಟರ್ ಅವನನ್ನು ಮೊದಲ ಭಾಗದಲ್ಲಿ ಒಂದು ಹೆಜ್ಜೆಯೂ ಮುಂದೆ ಬಿಡಲಿಲ್ಲ. ಈ ತಂಡ ಕಟ್ಟಿದ್ದು ಸಾರ್ಥಕ ಆಯಿತು ಎಂದುಕೊಂಡೆ.

ಎರಡನೇ ಭಾಗಕ್ಕೆ ಆತನಿಗೆ ದಣಿವಾಯಿತು. ದಣಿದಾಗ ಮನುಷ್ಯನಿಗೆ ಹಳೆಯ ರೂಢಿ ಬರುತ್ತದೆ. ಗಾರ್ಡು ಚೆಂಡು ಬಡಿಯುತ್ತಾ ಎದುರು ಬಂದ. ಕಂಡಕ್ಟರ್ ಎರಡೂ ಕೈ ಅಗಲಿಸಿ ನಿಂತು, "ಮುಂದ ಸರೀರಿ, ಮುಂದ ಸರೀರಿ. ಮುಂದ ಖಾಲಿ ಅದ" ಎಂದ.

ಗಾರ್ಡು ಕತ್ತೆತ್ತಿ ನೋಡಿದ. ಖರೇನೇ ಮುಂದೆ ಖಾಲಿ ಇತ್ತು. ಹೋಗಿ ಹಾಕಿ ಬಂದ.

ನಾನು ಕಂಡಕ್ಟರನ್ನು ಪಕ್ಕಕ್ಕೆ ಕರೆದೆ. "ಏನ್ ಮಾಡ್ಲಿ ಸರ್, ಎದುರಿಗಿ ಮನುಷ್ಯಾ ನಿಂತ್ರ ಬಾಯಿ ತಾನಾಗೇ ಅಂತದ" ಎಂದ. ಬಾಯಲ್ಲಿ ಒಂದು ಯಾಲಕ್ಕಿ ಇಟ್ಟುಕೊಳ್ಳಲು ಕೊಟ್ಟು, ಮ್ಯಾಚ್ ಮುಗಿಯುವವರೆಗೆ ಒಂದು ಶಬ್ದವೂ ಆಡಕೂಡದು ಎಂದೆ. ಪಾಪ, ಹಾಗೆಯೇ ನಡೆದುಕೊಂಡ. ಕೊನೆಯ ನಿಮಿಷ, ಎರಡೂ ತಂಡ ಸಮ. ಗಾರ್ಡು ಯಾವ ಕಡೆಯಿಂದ ನುಸುಳಲಿ ಎಂದು ತಿಳಿಯದೆ ನಿಂತಿದ್ದ. ಅಷ್ಟು ಹೊತ್ತು ತಡೆದುಕೊಂಡಿದ್ದ ಕಂಡಕ್ಟರ್ ಬಾಯಿಂದ ಒಂದೇ ಒಂದು ಶಬ್ದ ಬಂತು.

"ರೈಟ್."

ಅವನು ರೈಟಿಗೇ ಹೋಗಿ ಹಾಕಿದ.

ಉಸಿರು ಬಿಟ್ಟಾನ್ರಿ

ಸೇಡಂ ಹತ್ತಿರದ ಕುರಕುಂಟಾದಲ್ಲಿ ತೊಗರಿ ಬೆಳೆಯುವ ಒಬ್ಬ ರೈತ. ಆ ಭಾಗದಲ್ಲಿ ಕಬಡ್ಡಿಗೆ ಹೆಸರಾದವನು. ಅವನ ಕೈಗೆ ಸಿಕ್ಕ ಕಾಲು ಬಿಡಿಸಿಕೊಂಡು ಹೋದವರಿಲ್ಲ ಎಂದು ಕೇಳಿದ್ದೆ. ಹೊಲಕ್ಕೇ ಹೋಗಿ ಕರೆದುಕೊಂಡು ಬಂದೆ. ಮೊದಲ ದಿನ ನಿಯಮ ಹೇಳಲು ಕುಳಿತೆವು.

"ಹಿಡೀಬಾರದು" ಎಂದೆ.

"ಹಿಡೀಬಾರದಾ?"

"ಹಿಡೀಬಾರದು. ದೂಡಬಾರದು. ಕಾಲು ಅಡ್ಡ ಹಾಕಬಾರದು."

ಆತ ತನ್ನ ಎರಡೂ ಅಂಗೈ ನೋಡಿಕೊಂಡ. "ಮತ್ತ ಹ್ಯಾಂಗ ತಡೀಬೇಕ್ರಿ, ಬೈದು ತಡೀಬೇಕೇನು?"

ಆದರೂ ಕಲಿತ. ಶ್ರದ್ಧೆಯ ಮನುಷ್ಯ. ಚಿತ್ತಾಪುರದ ಮ್ಯಾಚಿನಲ್ಲಿ ಅಲ್ಲಿಯ ಗಾರ್ಡಿನ ಎದುರು ಎರಡೂ ಕೈ ಹಿಂದೆ ಕಟ್ಟಿಕೊಂಡು ಆಡಿದ. ಕೈ ಮುಂದೆ ಇದ್ದರೆ ತಾನೇ ಹಿಡಿದುಬಿಡುತ್ತದೆ ಅನ್ನುವ ಹೆದರಿಕೆ. ಹಾಗಿದ್ದರೂ ಬರೀ ಎದೆ ಅಡ್ಡ ಕೊಟ್ಟು ಅವನನ್ನು ಮೂಲೆಗೆ ಸೇರಿಸಿಬಿಡುತ್ತಿದ್ದ. ಚಿತ್ತಾಪುರದವರು ಕಂಗಾಲಾಗಿದ್ದರು.

ಆಗ ಆ ಗಾರ್ಡು ಚೆಂಡು ಬಡಿಯುತ್ತಲೇ ಹಿಂದಕ್ಕೆ ತಿರುಗಿ ಓಡಿದ. ನಮ್ಮ ರೈತನಿಗೆ ಕಂಡದ್ದು ಇಷ್ಟು: ಎದುರಾಳಿ ನಡುಗೆರೆಯ ಕಡೆ ತಪ್ಪಿಸಿಕೊಂಡು ಓಡುತ್ತಿದ್ದಾನೆ. ಮುಟ್ಟಿದನೋ ಕೆಟ್ಟೆವು. ಕಟ್ಟಿದ ಕೈ ಬಿಚ್ಚಿಕೊಂಡಿತು. ಜಿಗಿದು ಎರಡೂ ಪಾದ ಹಿಡಿದ. ಗಾರ್ಡು ನೆಲಕ್ಕೆ, ಚೆಂಡು ಪ್ರೇಕ್ಷಕರ ನಡುವೆ. ರೆಫ್ರಿ ಸೀಟಿ ಊದುತ್ತಾ ಓಡಿ ಬಂದರೆ, ನಮ್ಮವನು ಅವನ ಮೇಲೆ ಮಲಗಿಕೊಂಡೇ, "ಉಸಿರು ಬಿಟ್ಟಾನ್ರಿ, ನಾ ಕೇಳೀನಿ" ಎಂದ.

ರೆಫ್ರಿ ಅವನನ್ನು ಮ್ಯಾಚಿನಿಂದಲೇ ಹೊರಗೆ ಹಾಕಿದರು. ಆತ ಸ್ವಲ್ಪವೂ ಬೇಸರ ಮಾಡಿಕೊಳ್ಳದೆ ಬಂದು ನನ್ನ ಪಕ್ಕ ಕುಳಿತ. ಮೈಮೇಲಿನ ಮಣ್ಣು ಕೊಡವಿಕೊಂಡ. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತದ್ದನ್ನು ನೋಡಿ ಸಮಾಧಾನ ಮಾಡಿದ.

"ಚಿಂತಿ ಮಾಡಬ್ಯಾಡ್ರಿ ಸರ್. ನಮ್ಮವರು ಅವರ ಕಡಿಂದ ಒಬ್ಬನ್ನ ಔಟ್ ಮಾಡ್ಲಿ, ನಾ ಮತ್ತ ಒಳಗ ಹೋಗ್ತೀನಿ."

ಸೊಂಟ ನೋಡ್ರಿ

ಎರಡು ಮ್ಯಾಚ್ ಹೋದವು. ಶಹಾಬಾದದ ಮ್ಯಾಚಿಗೆ ನನ್ನ ಭರವಸೆ ಟೇಲರ್ ಭಾಯಿಯ ಮೇಲಿತ್ತು. ನಮ್ಮ ಶಾಲೆಯ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಮಿತ ಮಾತಿನ ಮನುಷ್ಯ. ಸಂಜೆ ನಮಾಜ಼ು ಮುಗಿಸಿ ತಪ್ಪದೆ ಬರುತ್ತಿದ್ದರು.

ಗಾರ್ಡನ್ನು ತಡೆಯುವವರಿಗೆ ನಾನು ಹೇಳುವ ಮೊದಲ ಪಾಠ ಒಂದೇ. "ಅವನ ಕಣ್ಣು ನೋಡಬ್ಯಾಡ್ರಿ, ಮೋಸ ಮಾಡ್ತದ. ಚೆಂಡು ನೋಡಬ್ಯಾಡ್ರಿ, ಅದೂ ಮೋಸ ಮಾಡ್ತದ. ಸೊಂಟ ನೋಡ್ರಿ. ಸೊಂಟ ಎತ್ತ ಹೋಗ್ತದೋ ಮನುಷ್ಯಾ ಅತ್ತನೇ ಹೋಗಬೇಕು." ಉಳಿದವರಿಗೆ ಇದು ಎಷ್ಟು ಹೇಳಿದರೂ ಬರಲಿಲ್ಲ, ಕಣ್ಣು ಚೆಂಡಿನ ಮೇಲೇ ಹೋಗುತ್ತಿತ್ತು. ಭಾಯಿಗೆ ಮಾತ್ರ ಮೊದಲ ದಿನವೇ ಬಂತು.

ಶಹಾಬಾದದಲ್ಲಿ ಭಾಯಿ ನನ್ನ ಮಾತು ಅಕ್ಷರಶಃ ಪಾಲಿಸಿದರು. ಗಾರ್ಡು ಎತ್ತ ಹೊರಟರೂ ಆತ ಹೊರಡುವ ಮೊದಲೇ ಭಾಯಿ ಅಲ್ಲಿ. ಅರ್ಧ ಆಟ ಮುಗಿದಾಗ ಆ ಗಾರ್ಡು ಹಾಕಿದ್ದು ಒಂದೇ ಬುಟ್ಟಿ. ನಾವು ಮುಂದಿದ್ದೆವು. ನಾವು ಮುಂದಿರುವುದು ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿಲ್ಲದ ಕಾರಣ ನಮ್ಮವರೆಲ್ಲ ಸ್ವಲ್ಪ ನಾಚಿಕೊಂಡು ನೀರು ಕುಡಿಯುತ್ತಿದ್ದರು.

ವಿರಾಮದಲ್ಲಿ ನೋಡುತ್ತೇನೆ, ಭಾಯಿ ಆ ಕಡೆಯ ಬೆಂಚಿನ ಹತ್ತಿರ ಮಂಡಿಯೂರಿ ಕುಳಿತಿದ್ದಾರೆ. ಎದುರಿಗೆ ಶಹಾಬಾದದ ಗಾರ್ಡು ಅಂಗಿ ಎತ್ತಿಕೊಂಡು ನಿಂತಿದ್ದಾನೆ. ಭಾಯಿಯ ಬಾಯಲ್ಲಿ ದಾರ, ಕೈಯಲ್ಲಿ ಸೂಜಿ. ನಾನು ಹೋಗುವಷ್ಟರಲ್ಲಿ ಗಂಟು ಹಾಕಿ ದಾರ ಕಡಿದಿದ್ದರು.

ಎರಡನೇ ಭಾಗದಲ್ಲಿ ಆ ಹುಡುಗ ಹಕ್ಕಿಯ ಹಾಗೆ ಹಾರಿದ. ಅಷ್ಟು ಹೊತ್ತು ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು ಆಡುತ್ತಿದ್ದನಂತೆ. ಈಗ ಎರಡೂ ಕೈ ಬಿಡುವಾಗಿದ್ದವು. ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ಭಾಯಿ, ಅವನ ಚಡ್ಡಿ ನೀವ್ಯಾಕ ಹೊಲದ್ರಿ?"

ಭಾಯಿ ಕಿಟಕಿಯ ಹೊರಗೆ ನೋಡುತ್ತಾ ನಿಧಾನವಾಗಿ ಹೇಳಿದರು.

"ನೀವೇ ಸೊಂಟ ನೋಡು ಅಂದ್ರಿ ಮಾಸ್ತರ್. ನೋಡಿದೆ, ಗುಂಡಿ ಹಾಕೋ ಕಾಜಾ ಹರದಿತ್ತು. ನೋಡಿದ ಮ್ಯಾಲ ನನ್ನಂಥವನ ಕೈಲಿ ಸುಮ್ಕ ಇರ್ಲಿಕ್ಕ ಆಗ್ತದೇನ್ರಿ? ಮುಖಾ ನೋಡು ಅಂದಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ಲ."

ಕಾಕಾ ಕೈ ಎತ್ತಿದ್ದು

ಉಳಿದದ್ದು ವಾಡಿ ಒಂದೇ. ಅಂದರೆ ಆ ಕುಳ್ಳ ಗಾರ್ಡು. ನಾನು ಯಾರ ಸಲುವಾಗಿ ಈ ತಂಡ ಕಟ್ಟಿದೆನೋ ಅವನು. ಈ ಮ್ಯಾಚೂ ಹೋದರೆ ಕೋರ್ಟು ಗಾಡಿಗಳ ಪಾಲು. ಪ್ರಿನ್ಸಿಪಾಲರು ಆಗಲೇ ಒಂದು ಸಂಜೆ ಬಂದು, ಕೋರ್ಟಿನ ಅಗಲವನ್ನು ಹೆಜ್ಜೆಯಿಂದ ಅಳೆದು ಹೋಗಿದ್ದರು.

ಅದೇ ದಿನ ಕಂಡಕ್ಟರಿಗೆ ರಜೆ ಸಿಗಲಿಲ್ಲ. ಕುರಕುಂಟಾದವನನ್ನು ಚಿತ್ತಾಪುರದ ಪ್ರಕರಣದ ಸಲುವಾಗಿ ಎರಡು ಮ್ಯಾಚಿಗೆ ಹೊರಗಿಟ್ಟಿದ್ದರು. ಭಾಯಿ ಬಂದಿದ್ದರು, ಆದರೆ ಆಟ ಶುರುವಾದ ಸ್ವಲ್ಪ ಹೊತ್ತಿಗೇ ಕಾಲು ಉಳುಕಿತು. ಬೆಂಚಿನಲ್ಲಿ ಉಳಿದದ್ದು ಕಾಕಾ ಒಬ್ಬರೇ.

ಕಾಕಾ ಹತ್ತಿರದ ಆಡಕಿ ಹಳ್ಳಿಯವರು. ಸೇಡಂನಲ್ಲಿ ಬೀಜ, ಗೊಬ್ಬರದ ಅಂಗಡಿ. ಐವತ್ತು ದಾಟಿದ ವಯಸ್ಸು, ಅದಕ್ಕೆ ತಕ್ಕ ಹೊಟ್ಟೆ. ಡಾಕ್ಟರು ನಡೆದಾಡಲು ಹೇಳಿದ್ದಾರೆಂದು ಕೋರ್ಟಿಗೆ ಬರುತ್ತಿದ್ದವರನ್ನು ಲೆಕ್ಕ ಭರ್ತಿಗೆ ಸೇರಿಸಿಕೊಂಡಿದ್ದೆ. ಅಂಗಡಿಯ ಜೊತೆಗೆ ಅವರಿಗೆ ಇನ್ನೊಂದು ಹವ್ಯಾಸ ಇತ್ತು. ಸುತ್ತಲಿನ ಊರುಗಳಲ್ಲಿ ಮದುವೆ ಕೂಡಿಸುವುದು.

"ಕಾಕಾ, ಅವನ ಬೆನ್ನು ಬಿಡಬ್ಯಾಡ್ರಿ" ಎಂದು ಒಳಗೆ ಕಳಿಸಿದೆ. ಬೇರೆ ಏನು ಹೇಳಬೇಕೋ ನನಗೇ ತಿಳಿಯಲಿಲ್ಲ.

ಕಾಕಾ ಹೋಗಿ ಗಾರ್ಡಿನ ಎದುರು ನಿಂತು, ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ತಮ್ಮಾ, ನಿಮ್ಮ ಮೂಲ ಊರು ಯಾವ್ದು?" ಎಂದರು.

ಹಿರಿಯರು ಕೇಳಿದರೆ ಉತ್ತರ ಕೊಡದೆ ಇರಲಾಗುತ್ತದೆಯೇ. ಆತ ಚೆಂಡು ಬಡಿಯುತ್ತಲೇ ಊರು ಹೇಳಿದ. ಕಾಕಾ ಅಲ್ಲಿ ತಮಗೆ ಗೊತ್ತಿದ್ದವರನ್ನೆಲ್ಲ ವಿಚಾರಿಸಿದರು. ಅಪ್ಪ ಏನು ಮಾಡುತ್ತಾರೆ, ಅಕ್ಕತಂಗಿಯರು ಎಷ್ಟು, ಎಲ್ಲಿ ಕೊಟ್ಟಿದ್ದೀರಿ. ಆತ ಒಂದು ಹೇಳಿ ಓಡುತ್ತಿದ್ದ, ವಾಪಸು ಬಂದಾಗ ಕಾಕಾ ಮುಂದಿನದನ್ನು ಕೇಳುತ್ತಿದ್ದರು. ಅವರೇನೂ ಓಡಲಿಲ್ಲ. ನಿಂತಲ್ಲೇ ನಿಂತಿದ್ದರು.

"ಮದುವಿ ಆಗ್ಯದೇನಪಾ?"

"ಇಲ್ರಿ ಕಾಕಾ."

"ನಮ್ಮ ಸೇಡಂನ್ಯಾಗ ಒಂದು ಹುಡುಗಿ ಅದ. ಸಾಲಿ ಟೀಚರ್. ಮನಿಮಂದಿ ಭಾಳ ಸಂಭಾವಿತರು."

ಚೆಂಡು ಅವನ ಕಾಲಿಗೇ ತಾಗಿ ಗೆರೆಯಾಚೆ ಹೋಯಿತು. ವಾಡಿಯ ಜನ ಅಂಥದ್ದನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಆತ ಓಡುವುದನ್ನೇ ಕಡಿಮೆ ಮಾಡಿದ. ಚೆಂಡು ಎಲ್ಲೇ ಇರಲಿ, ಆತ ಬಂದು ಕಾಕಾನ ಪಕ್ಕ ನಿಲ್ಲುತ್ತಿದ್ದ. ಅವರ ಕೋಚು ಹೊರಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ನಮ್ಮವರು ಈ ನಡುವೆ ಹೇಗೋ ಏನೋ ನಾಲ್ಕು ಬುಟ್ಟಿ ಹಾಕಿ ಒಂದು ಪಾಯಿಂಟ್ ಮುಂದೆ ಬಂದರು. ಕೊನೆಯ ನಿಮಿಷದಲ್ಲಿ ಗಾರ್ಡು ತಗ್ಗಿದ ದನಿಯಲ್ಲಿ, "ಕಾಕಾ, ಹುಡುಗಿ ಎತ್ತರ ಎಷ್ಟದ್ರಿ?" ಎಂದು ಕೇಳಿದನಂತೆ. ತಾನು ಕುಳ್ಳ ಅನ್ನುವ ಅಳುಕು ಇರಬೇಕು. ಮಾತಾಡಿ ಮಾತಾಡಿಯೇ ಕಾಕಾಗೆ ಏದುಸಿರು, ಆಗ ಉತ್ತರ ಹೇಳಲಾಗಲಿಲ್ಲ.

ಅಷ್ಟರಲ್ಲಿ ಚೆಂಡು ಗಾರ್ಡಿನ ಕೈಗೆ ಬಂತು. ಕೋಚು ಕೂಗಿದರು. ಆತ ಎಚ್ಚೆತ್ತು ರಿಂಗಿನ ಕಡೆ ಜಿಗಿದ. ಅದೇ ಹೊತ್ತಿಗೆ ಕಾಕಾಗೆ ಉಸಿರು ಬಂದು, "ಇಷ್ಟದ ನೋಡು" ಎಂದು ಕೈ ಎತ್ತಿದರು. ಅವನು ಎಸೆದ ಚೆಂಡು ಕಾಕಾನ ಅಂಗೈಗೆ ಬಡಿದು ಕೆಳಗೆ ಬಿತ್ತು. ಆಟ ಮುಗಿಯಿತೆಂದು ರೆಫ್ರಿ ಸೀಟಿ ಊದಿದರು. ಗೆದ್ದೆವು.

ನಾನು ಓಡಿ ಹೋಗಿ ಅವರನ್ನು ಅಪ್ಪಿಕೊಂಡೆ. ಕಾಕಾನ ಮುಖದಲ್ಲಿ ಮಾತ್ರ ಚಿಂತೆ.

"ಮಾಸ್ತರ್, ಅವಸರದಾಗ ಒಂದು ಗೇಣು ಜಾಸ್ತಿನೇ ತೋರ್ಸೀನಿ. ಈಗ ಅವಾ ಹುಡುಗಿ ಭಾಳ ಎತ್ತರ ಅದಾಳ ಅಂತ ಒಲ್ಲೆ ಅಂದ್ರ?"

ನಮ್ಮವನಾದ ಮೇಲೆ

ಅವನು ಒಲ್ಲೆ ಅನ್ನಲಿಲ್ಲ. ಮದುವೆ ಆಯಿತು, ನಾವೆಲ್ಲ ಹೋಗಿ ಊಟ ಮಾಡಿ ಬಂದೆವು. ಹುಡುಗಿಯ ನೌಕರಿ ಸೇಡಂನಲ್ಲಿ ಇದ್ದುದರಿಂದ ಆತ ಇಲ್ಲೇ ಮನೆ ಮಾಡಿ, ದಿನಾ ರೈಲಿನಲ್ಲಿ ವಾಡಿಗೆ ಹೋಗಿ ಬರತೊಡಗಿದ. ಯಾವ ಊರಿನಲ್ಲಿ ಮನೆಯೋ ಆ ಊರಿನ ತಂಡಕ್ಕೆ, ಹಳ್ಳಿಯವರಾದರೆ ಹತ್ತಿರದ ಊರಿನ ತಂಡಕ್ಕೆ ಆಡಬೇಕು ಎಂಬುದು ನಮ್ಮ ಐದೂ ಊರಿನವರ ಒಪ್ಪಂದ. ಹೀಗೆ ವಾಡಿಯ ಗಾರ್ಡು ಸೇಡಂನ ಗಾರ್ಡಾದ. ಕೋರ್ಟು ಉಳಿಯಿತು. ಪ್ರಿನ್ಸಿಪಾಲರು ಖುದ್ದಾಗಿ ನಿಂತು ರಿಂಗಿಗೆ ಬಣ್ಣ ಹೊಡೆಸಿದರು.

ಮುಂದಿನ ಚಳಿಗಾಲದ ಮೊದಲ ಮ್ಯಾಚು ನಮ್ಮಲ್ಲೇ, ಚಿತ್ತಾಪುರದ ಎದುರು. ಸೇಡಂನಲ್ಲಿ ಬಾಸ್ಕೆಟ್‌ಬಾಲ್ ನೋಡಲು ಅಷ್ಟು ಮಂದಿ ಸೇರಿದ್ದನ್ನು ನಾನು ಕಂಡಿರಲಿಲ್ಲ. ಗಾರ್ಡಿನ ಹೆಂಡತಿಯೂ ಶಾಲೆಯ ಟೀಚರುಗಳನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ಕಂಡಕ್ಟರ್, ಕುರಕುಂಟಾದವನು, ಟೇಲರ್ ಭಾಯಿ, ಕಾಕಾ, ಜೊತೆಗೆ ಅವನು. ಐದು ಜನ ಒಳಗೆ ಇಳಿದರು. ನನಗೆ ಆ ದಿನ ಮೊದಲ ಬಾರಿಗೆ ಎದೆ ಹಗುರಾಗಿತ್ತು. ಕಾಲು ಚಾಚಿಕೊಂಡು ಕುಳಿತೆ.

ಆಟ ಶುರುವಾಯಿತು. ಚೆಂಡು ನಮ್ಮ ಗಾರ್ಡಿನ ಕೈಗೆ ಬಂತು. ಜನ ಚಪ್ಪಾಳೆ ಹೊಡೆದರು. ಅವನು ಚೆಂಡು ಬಡಿಯುತ್ತಾ ಮುಂದೆ ಹೊರಟ.

ನಮ್ಮ ನಾಲ್ವರೂ ಒಟ್ಟಿಗೇ ಹೋಗಿ ಅವನ ಸುತ್ತ ನಿಂತುಬಿಟ್ಟರು. ಕಾಲು ಅಗಲ, ಮೊಣಕಾಲು ಬಗ್ಗಿಸಿ, ಕೈ ಚಾಚಿ. ನಾನು ಒಂದು ವರ್ಷ ಕಲಿಸಿದ್ದೆಲ್ಲ ಅಲ್ಲಿತ್ತು. ಅಷ್ಟು ಚೆಂದದ ತಡೆ ಅವರು ಯಾವ ಎದುರಾಳಿಗೂ ಹಾಕಿರಲಿಲ್ಲ. ಅವನು ಎಡಕ್ಕೆ ಹೋದ, ಎಡಕ್ಕೆ ಭಾಯಿ. ಬಲಕ್ಕೆ ಹೋದ, ಬಲಕ್ಕೆ ಕಂಡಕ್ಟರ್.

"ಕಾಕಾ, ನಾ ನಿಮ್ಮವನೇ ಅಲ್ರಿ?" ಎಂದ ಅವನು.

"ಗೊತ್ತದಪಾ. ನನಗ ಗೊತ್ತದ, ಕಾಲಿಗಿ ಗೊತ್ತಾಗವಲ್ದು" ಎಂದರು ಕಾಕಾ. ಹಾಗೆ ಹೇಳುವಾಗಲೂ ದಾರಿ ಮಾತ್ರ ಬಿಡಲಿಲ್ಲ.

ನಾನು ಎದ್ದು ಕೂಗಿದೆ. ಜನರ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ರೆಫ್ರಿ ಸೀಟಿಯನ್ನು ಬಾಯಿಗೆ ಇಟ್ಟುಕೊಂಡು ನನ್ನ ಹತ್ತಿರ ಬಂದರು, ಸೀಟಿ ತೆಗೆದು, "ಮಾಸ್ತರ್, ಇದಕ್ಕ ಯಾವ ರೂಲ್ ಹಚ್ಚಲಿ?" ಎಂದು ಕೇಳಿ ಮತ್ತೆ ಬಾಯಿಗೆ ಇಟ್ಟುಕೊಂಡರು. ಅವನ ಹೆಂಡತಿ ಪಕ್ಕದ ಟೀಚರಿಗೆ, "ವಾಡ್ಯಾಗ ಇವರಿಗಿ ಯಾರೂ ತಡಿಯೋರೇ ಇದ್ದಿಲ್ಲ ಅಂತ ಹೇಳಿದ್ರಲ್ಲ" ಎನ್ನುತ್ತಿದ್ದಳು.

ಆಮೇಲೆ ಎಲ್ಲ ಸರಿ ಹೋಯಿತು. ಆ ಮ್ಯಾಚ್ ಸೋತರೂ ಮುಂದಿನ ಮೂರನ್ನು ಗೆದ್ದೆವು. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ಚಿತ್ತಾಪುರದ ಬೆಂಚು. ನಮ್ಮ ಗಾರ್ಡನ್ನು ತಡೆಯಲೆಂದೇ ಅವರೂ ಆ ವರ್ಷ ಒಬ್ಬ ಹೊಸ ಆಟಗಾರನನ್ನು ತಯಾರು ಮಾಡಿ ತಂದಿದ್ದರು. ಆತ ಬೂಟಿನ ಲೇಸು ಬಿಗಿದುಕೊಂಡು, "ಸರ್, ನಾ ಒಳಗ ಹೋಗ್ಲೇನ್ರಿ?" ಎಂದು ಎದ್ದು ನಿಂತ. ಅವರ ಕೋಚು ಹಣ್ಣಾದ ಮನುಷ್ಯ, ಕೋರ್ಟಿನಿಂದ ಕಣ್ಣು ತೆಗೆಯದೆ ಅವನ ಭುಜ ಒತ್ತಿ ಕೂಡಿಸಿದರು.

"ನಿನಗ್ಯಾಕ ತ್ರಾಸ? ಮನಿ ಮಂದಿನೇ ನೋಡ್ಕೋಳ್ಲಿಕತ್ತಾರಲ್ಲ."